ಹಳೆಯ ಬಣ್ಣ ಕೆರೆಯುವ ಮೊದಲು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಸೈಕಲ್ಲಿಗೆ ಹೊಸ ರೂಪ ಕೊಡುವ ಬಗ್ಗೆ ಒಂದು ಬರಹ ಬಂದಿತ್ತು. ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದ ಸೈಕಲ್ಲನ್ನು ಗುಜರಿಗೆ ಹಾಕದೆ ಮತ್ತೆ ರಸ್ತೆಗೆ ತನ್ನಿ ಎಂಬ ಮಾತು ನನಗೆ ಬಹಳ ಹಿಡಿಸಿತು. ಆದರೆ ಅಲ್ಲಿ ಹೇಳಿದ ಮೊದಲ ಕೆಲಸ ಮರಳು ಹೊಡೆಸಿ ಹಳೆಯ ಬಣ್ಣವನ್ನೆಲ್ಲ ಕಿತ್ತು ಪೌಡರ್ ಕೋಟಿಂಗ್ ಮಾಡಿಸುವುದು. ಅದನ್ನು ಓದಿ ನನಗೆ ಸಂಕಟವಾಯಿತು. ಎಷ್ಟೋ ಸೈಕಲ್ಲುಗಳ ಮಟ್ಟಿಗೆ ಅದು ಮಾಡಲೇಬಾರದ ಕೆಲಸ. ಯಾಕೆ ಹೀಗೆನ್ನುತ್ತೇನೆ ಎಂದು ತುಸು ಉದ್ದವಾಗಿಯೇ ಬರೆಯುತ್ತೇನೆ, ಜಾಗ ಕೊಡಬೇಕು.

ನಾನು ಜಮಖಂಡಿಯವನು. ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ 31 ವರ್ಷ ಲೇತ್ ಮುಂದೆ ನಿಂತ ಟರ್ನರ್. ಮಗಳು ಇಂಗ್ಲೆಂಡಿನ ಡರ್ಬಿಯಲ್ಲಿ ನರ್ಸ್. ನಿವೃತ್ತಿಯಾದ ಮೇಲೆ ವರ್ಷದಲ್ಲಿ ಕೆಲವು ತಿಂಗಳು ಅವಳ ಮನೆಯಲ್ಲಿರುತ್ತೇನೆ. ಹೋದ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿ, ಗಂಡ ತೀರಿಕೊಂಡ ಮೇಲೆ, ಹಿತ್ತಲಿನ ಶೆಡ್ಡು ಖಾಲಿ ಮಾಡಿಸುತ್ತಿದ್ದರು. ಭಾರ ಎತ್ತಲು ಹೋದ ನನ್ನ ಕೈಗೆ ಒಂದು ಸೈಕಲ್ಲು ಸಿಕ್ಕಿತು. ಕಿಟಕಿ ಬಾಗಿಲಿಗೆ ಹಚ್ಚುವಂಥ ನೀಲಿ ಬಣ್ಣ, ಬ್ರಷ್ಷಿನ ಗೆರೆಗಳು ಎದ್ದು ಕಾಣುತ್ತಿದ್ದವು. ಟೈರು ಕೊಳೆತಿತ್ತು, ಚೈನು ಒಂದೇ ಗಂಟಾಗಿತ್ತು. ಎತ್ತಿ ಆಚೆಗಿಡೋಣ ಎಂದು ನಡುವಿನ ಪೈಪಿಗೆ ಕೈ ಹಾಕಿದೆ. ಎರಡೇ ಬೆರಳಿಗೆ ಮೇಲೆದ್ದು ಬಂತು. ಕಬ್ಬಿಣದ ಜೊತೆಗೇ ಬಾಳಿದವನಿಗೆ ಅಷ್ಟು ಸಾಕು, ಇದು ಸಾಮಾನ್ಯ ಉಕ್ಕಲ್ಲ ಎಂದು ತಿಳಿಯಿತು. ಅಜ್ಜಿ, ‘ನಿನಗೆ ಬೇಕಾದರೆ ತೆಗೆದುಕೋ’ ಎಂದರು.

ಮೊದಲು ನಾನು ಮಾಡಿದ್ದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದ್ದು. ಪೆಡಲಿನ ಅಚ್ಚು ಕೂರುವ ಗುಂಡಗಿನ ಡಬ್ಬಿಯ ಅಡಿಯಲ್ಲಿ ಫ್ರೇಮಿನ ನಂಬರು ಒತ್ತಿರುತ್ತಾರೆ. ಬೆಂಕಿಕಡ್ಡಿ ಚೂಪು ಮಾಡಿ ಅಕ್ಷರಗಳ ಸಂದಿಯಲ್ಲಿ ಕೂತ ನೀಲಿ ಬಣ್ಣ ತೆಗೆದೆ. ‘ಎಸ್‌ಬಿ’ ಎಂಬ ಎರಡು ಅಕ್ಷರ, ಅದರ ಮುಂದೆ ನಾಲ್ಕು ಅಂಕಿ. ಆ ಎರಡು ಅಕ್ಷರದ ಅರ್ಥ ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಟಿಂಗ್‌ಹ್ಯಾಮಿನ ರ್ಯಾಲಿ ಕಂಪನಿ 1974ರಲ್ಲಿ ಇಲ್ಕೆಸ್ಟನ್ ಎಂಬ ಸಣ್ಣ ಊರಿನಲ್ಲಿ ಬರೀ ರೇಸಿಂಗ್ ಸೈಕಲ್ಲಿಗೆಂದು ಒಂದು ಕಾರ್ಯಾಗಾರ ತೆರೆಯಿತು. ಅದರ ಹೆಸರು ‘ಸ್ಪೆಷಲಿಸ್ಟ್ ಬೈಸಿಕಲ್ ಡೆವಲಪ್‌ಮೆಂಟ್ ಯೂನಿಟ್’, ಮುಖ್ಯಸ್ಥರು ಜೆರಾಲ್ಡ್ ಒ'ಡೊನೊವನ್. ನನ್ನ ಫ್ರೇಮಿನ ‘ಎಸ್‌ಬಿ’ ಆ ಕಾರ್ಯಾಗಾರದ ಇಂಗ್ಲಿಷ್ ಹೆಸರಿನ ಮೊದಲೆರಡು ಅಕ್ಷರ. ಮಗಳ ಮನೆಯಿಂದ ಆ ಊರು ಹತ್ತು ಮೈಲಿಯೂ ಆಗಲಿಕ್ಕಿಲ್ಲ. ನಾಟಿಂಗ್‌ಹ್ಯಾಮಿನ ದೊಡ್ಡ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಸೈಕಲ್ಲು ಹೊರಬರುತ್ತಿದ್ದ ಕಾಲದಲ್ಲಿ, ಇಲ್ಲಿ ಕೆಲವೇ ಕುಶಲಕರ್ಮಿಗಳು ಒಂದೊಂದು ಫ್ರೇಮನ್ನೂ ಕೈಯಲ್ಲಿ ಬೆಸೆದು, ಅರದಿಂದ ಉಜ್ಜಿ ಮುಗಿಸುತ್ತಿದ್ದರು. 1980ರಲ್ಲಿ ಹಾಲೆಂಡಿನ ಯೂಪ್ ಝೂಟೆಮೆಲ್ಕ್ ಟೂರ್ ದ ಫ್ರಾನ್ಸ್ ಎಂಬ ಹೆಸರಾಂತ ಸೈಕಲ್ ಪಂದ್ಯ ಗೆದ್ದದ್ದು ಟಿಐ-ರ್ಯಾಲಿ ತಂಡದ ಸವಾರನಾಗಿ. ಆ ತಂಡದ ಸೈಕಲ್ಲುಗಳು ಇಲ್ಕೆಸ್ಟನ್ನಿನ ಇದೇ ಕಾರ್ಯಾಗಾರದವು.

‘ಟಿಐ’ ಎಂಬ ಅಕ್ಷರ ನಮ್ಮವರಿಗೂ ಹೊಸದಲ್ಲ. ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಎಂಬ ಇಂಗ್ಲಿಷ್ ಕಂಪನಿ ಅದು. 1949ರಲ್ಲಿ ಮದರಾಸಿನ ಮುರುಗಪ್ಪ ಸಮೂಹದ ಜೊತೆ ಸೇರಿ ನಮ್ಮ ದೇಶದಲ್ಲಿ ಟಿಐ ಸೈಕಲ್ಸ್ ಹುಟ್ಟುಹಾಕಿದ್ದು ಅದೇ. ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ಬರುತ್ತಿದ್ದದ್ದು ಅದರ ಅಂಬತ್ತೂರಿನ ಕಾರ್ಖಾನೆಯಿಂದಲೇ. 1960ರಲ್ಲಿ ರ್ಯಾಲಿ ಕೂಡ ಟಿಐ ಪಾಲಾಯಿತು. ನಮ್ಮಪ್ಪ ಎರಡೂ ಕಡೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಜಮಖಂಡಿ ಪೇಟೆ ಸುತ್ತುತ್ತಿದ್ದ ಹಸಿರು ಹರ್ಕ್ಯುಲಿಸ್ಸಿಗೂ ಈ ಶೆಡ್ಡಿನಲ್ಲಿ ಸಿಕ್ಕ ಸೈಕಲ್ಲಿಗೂ ಒಂದೇ ಮನೆತನ. ಆ ಸಂಬಂಧ ಹೊಳೆದ ಮೇಲೆ ಇದನ್ನು ಬಿಟ್ಟು ಏಳುವ ಮನಸ್ಸೇ ಆಗಲಿಲ್ಲ.

ಸೀಟಿನ ಕಂಬವೇ ನನ್ನನ್ನು ಹೆಚ್ಚು ಕಾಡಿದ್ದು. ಅಲ್ಯುಮಿನಿಯಂ ಕಂಬ ಉಕ್ಕಿನ ಪೈಪಿನೊಳಗೆ ಹತ್ತಾರು ವರ್ಷ ಕೂತರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ಬಲ ಹಾಕಿ ತಿರುಗಿಸಿದರೆ ತೆಳ್ಳನೆಯ ಪೈಪು ಹಿಂಡಿಹೋಗುತ್ತದೆ. ಬೆಂಕಿ ತೋರಿಸಿದರೆ ಬಣ್ಣ ಸುಟ್ಟುಹೋಗುತ್ತದೆ. ಸೈಕಲ್ಲನ್ನು ತಲೆಕೆಳಗೆ ಇಟ್ಟು ಕೆಳಗಿನ ಡಬ್ಬಿಯಿಂದ ಹನಿಹನಿಯಾಗಿ ಎಣ್ಣೆ ಬಿಡುತ್ತ 11 ದಿನ ಕಾದೆ. ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಾಗೆಯೇ ಎರಡರಷ್ಟು ಕುಗ್ಗುತ್ತದೆ. ಜನವರಿಯ ಒಂದು ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದಾಗ, ಕಂಬದ ಸುತ್ತ ಉಪ್ಪು ಬೆರೆಸಿದ ಐಸು ಕಟ್ಟಿ ಅರ್ಧ ಗಂಟೆ ಬಿಟ್ಟೆ. ಆಮೇಲೆ ಹಿಡಿದು ತಿರುವಿದಾಗ ಒಂದು ಸಣ್ಣ ಚಟ್ ಶಬ್ದ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಯಂತ್ರದ ಶಬ್ದವೂ ಕಿವಿಗೆ ಅಷ್ಟು ಹಿತವಾಗಿರಲಿಲ್ಲ. ಉಳಿದ ಭಾಗ ಬಿಚ್ಚುವುದು ಕಷ್ಟವಾಗಲಿಲ್ಲ. ಆದರೂ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಇಂಗ್ಲಿಷ್ ಪದ್ಧತಿಯ ಸೈಕಲ್ಲಿನಲ್ಲಿ ಪೆಡಲ್ ಅಚ್ಚಿನ ಬಲಗಡೆಯ ಬಟ್ಟಲಿಗೆ ಎಡಸುತ್ತಿನ ಥ್ರೆಡ್ಡು. ಅದು ಗೊತ್ತಿಲ್ಲದೆ ಬಿಚ್ಚುತ್ತೇನೆಂದುಕೊಂಡು ಬಿಗಿಯುತ್ತಲೇ ಹೋಗಿ ಫ್ರೇಮು ಹಾಳುಮಾಡಿದವರಿದ್ದಾರೆ.

ಇನ್ನು ಬಣ್ಣದ ವಿಷಯ. ನೀಲಿ ಬಣ್ಣ ಕಂಡು ನನ್ನ ಅಳಿಯ, ‘ಮಾವ, ಇಲ್ಲೇ ಹತ್ತಿರ ಮರಳು ಹೊಡೆಯುವವರಿದ್ದಾರೆ, ಒಂದೇ ದಿನದ ಕೆಲಸ’ ಎಂದ. ನಾನು ಬೇಡ ಎಂದೆ. ಕಾರಣ ಆಮೇಲೆ ಹೇಳುತ್ತೇನೆ. ಕಾರ್ಯಾಗಾರದಲ್ಲಿ ಒಲೆಯಲ್ಲಿಟ್ಟು ಬೇಯಿಸಿದ ಎನಾಮಲ್ ಗಟ್ಟಿ. ಅದರ ಮೇಲೆ ಮನೆಯಲ್ಲಿ ಬಳಿದ ಬಣ್ಣ ಅಷ್ಟು ಗಟ್ಟಿಯಲ್ಲ. ಬಿಸಿನೀರು, ಸಾಬೂನು, ಬಿದಿರಿನ ಕಡ್ಡಿ, ಹೆಬ್ಬೆರಳಿನ ಉಗುರು, ಇವಿಷ್ಟೇ ಸಲಕರಣೆ. ದಿನಕ್ಕೆ ಅಂಗೈಯಗಲ ಜಾಗ. ನೀಲಿಯ ಕೆಳಗಿನಿಂದ ಕೆಂಪು ಬಂತು, ಆಮೇಲೆ ಕಪ್ಪು, ಹಳದಿ. ಟಿಐ-ರ್ಯಾಲಿ ತಂಡದ ಬಣ್ಣಗಳು ಅವು. ನಾಲ್ಕನೇ ವಾರ ಸೀಟಿನ ಪೈಪಿನ ಮೇಲೆ ಒಂದು ಸ್ಟಿಕ್ಕರಿನ ಅಂಚು ಕಂಡಿತು. ಉಸಿರು ಬಿಗಿಹಿಡಿದು ಕೆರೆದೆ. ಏಳು, ಐದು, ಆಮೇಲೆ ಅರ್ಧ ಹರಿದ ಮೂರು.

753. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿಯ ಪೈಪು. ತುದಿಯಲ್ಲಿ ದಪ್ಪ, ನಡುವೆ ತೆಳ್ಳಗೆ ಪೈಪು ಎಳೆಯುವ ವಿದ್ಯೆಗೆ ಆ ಮನೆತನ 1897ರಲ್ಲೇ ಪೇಟೆಂಟ್ ಪಡೆದಿತ್ತು. 1935ರಲ್ಲಿ ಬಂದ ಅವರ 531 ಎಂಬ ಮ್ಯಾಂಗನೀಸ್-ಮಾಲಿಬ್ಡಿನಂ ಉಕ್ಕು ಹಲವು ದಶಕ ರೇಸಿಂಗ್ ಸೈಕಲ್ಲುಗಳನ್ನು ಆಳಿತು. 753 ಅದಕ್ಕೂ ತೆಳ್ಳಗೆ, ಹದ ಕೊಟ್ಟು ಗಟ್ಟಿಮಾಡಿದ್ದು. ಹಿತ್ತಾಳೆ ಬೆಸುಗೆಯ ಶಾಖಕ್ಕೆ ಅದರ ಹದ ಕೆಡುತ್ತದೆಂದು ಕಡಿಮೆ ಶಾಖದ ಬೆಳ್ಳಿಯ ಬೆಸುಗೆಯನ್ನೇ ಹಾಕಬೇಕು. ತಮ್ಮ ಬೆಸುಗೆಯ ಮಾದರಿ ಕಳಿಸಿ ರೆನಾಲ್ಡ್ಸ್‌ನವರಿಂದ ಪಾಸಾದವರಿಗೆ ಮಾತ್ರ ಆ ಪೈಪು ಸಿಗುತ್ತಿತ್ತು. ಒಂದು ಸ್ಟಿಕ್ಕರಿನ ಮೂರು ಅಂಕಿ ನನಗೆ ಹೇಳಿದ್ದು ಬರೀ ಹೆಸರನ್ನಲ್ಲ, ಇದನ್ನು ಹೇಗೆ ಮುಟ್ಟಬೇಕು ಎಂಬುದನ್ನೂ. ಹಿಂದಿನ ಚಕ್ರದ ಜಾಗ 126 ಮಿಲಿಮೀಟರ್ ಇತ್ತು. ಆಮೇಲೆ ಬಂದ ರೇಸಿಂಗ್ ಚಕ್ರಕ್ಕೆ 130 ಬೇಕು. ಬೇರೆ ಉಕ್ಕಾದರೆ ಎರಡೂ ಕಡೆ ಎಳೆದು ಅಗಲಿಸುತ್ತಾರೆ. 753ನ್ನು ಹಾಗೆ ಬಗ್ಗಿಸಬಾರದು. ಮರಳು ಹೊಡೆಸಿದ್ದರೆ ಆ ಸ್ಟಿಕ್ಕರು ಧೂಳಾಗುತ್ತಿತ್ತು, ನಾನು ತಿಳಿಯದೆ ಬಗ್ಗಿಸುತ್ತಿದ್ದೆ.

ಕಾಲ ಗೊತ್ತುಮಾಡಿದ್ದು ಹಿಂದಿನ ಗೇರು. ಇಟಲಿಯ ಕಂಪಾನ್ಯೋಲೊ ಕಂಪನಿ ಆ ದಿನಗಳಲ್ಲಿ ಗೇರಿನ ಮೈಮೇಲೆ ಪೇಟೆಂಟಿನ ಜೊತೆ ವರ್ಷವನ್ನೂ ಅಚ್ಚುಹಾಕುತ್ತಿತ್ತು; ನನ್ನದರ ಮೇಲೆ 78. ಇಲ್ಲಿ 1955ರಲ್ಲಿ ಶುರುವಾದ ವೆಟರನ್-ಸೈಕಲ್ ಕ್ಲಬ್ ಎಂಬ ಸಂಘವಿದೆ. ಮುಚ್ಚಿಹೋದ ಒಂದೊಂದು ಕಂಪನಿಯ ನಂಬರು, ಕ್ಯಾಟಲಾಗು, ಜಾಹೀರಾತುಗಳನ್ನು ಒಬ್ಬೊಬ್ಬ ಸದಸ್ಯರು ಸಂಬಳವಿಲ್ಲದೆ ಕೂಡಿಟ್ಟಿದ್ದಾರೆ. ಸೈಕಲ್ಲಿನ ಕಾಗದಪತ್ರಗಳಿಗೆಂದೇ ವಾರಿಕ್ ವಿಶ್ವವಿದ್ಯಾಲಯದಲ್ಲಿ ಒಂದು ಸಂಗ್ರಹವಿದೆ. ನಾಟಿಂಗ್‌ಹ್ಯಾಮಿನಲ್ಲಿ ರ್ಯಾಲಿ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ವಿಶ್ವವಿದ್ಯಾಲಯದ ಕಟ್ಟಡಗಳೆದ್ದಿವೆ. ಕಾರ್ಖಾನೆ ಹೋಯಿತು, ಅದರ ಕಾಗದ ಹೋಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ದಾಖಲೆ ಮಾತ್ರ ಅಜ್ಜಿಯ ಮೇಜಿನ ಡ್ರಾಯರಿನಲ್ಲಿತ್ತು. ಗಂಡನ ಪುಟ್ಟ ನೋಟ್‌ಬುಕ್ಕು. ಈ ದೇಶದಲ್ಲಿ ಭಾನುವಾರ ನಸುಕಿನಲ್ಲಿ ನಿಮಿಷಕ್ಕೊಬ್ಬರಂತೆ ಹೊರಟು ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್ ಪಂದ್ಯಗಳ ರೂಢಿ ಬಹಳ ಹಳೆಯದು. ಅದರಲ್ಲಿ 25 ಮೈಲಿಯ ಅವರ ಸಮಯಗಳು ಸಾಲಾಗಿ ಬರೆದಿದ್ದವು. 1979ರ ಏಪ್ರಿಲ್‌ನಲ್ಲಿ ‘ಹೊಸ ಫ್ರೇಮು’ ಎಂಬ ಎರಡು ಪದ, ಮುಂದೆ 1 ಗಂಟೆ 1 ನಿಮಿಷ 40 ಸೆಕೆಂಡು. ಜುಲೈನಲ್ಲಿ 59 ನಿಮಿಷ 38 ಸೆಕೆಂಡು, ಅಡಿಯಲ್ಲಿ ಎರಡು ಗೆರೆ. ನೀಲಿ ಬಣ್ಣ ಯಾಕೆ ಬಳಿದರು ಎಂದು ಕೇಳಿದೆ. ಮಕ್ಕಳಾದ ಮೇಲೆ ಪಂದ್ಯ ಬಿಟ್ಟು ಇದರಲ್ಲೇ ಕೆಲಸಕ್ಕೆ ಹೋಗುತ್ತಿದ್ದರಂತೆ. ಕಳ್ಳರ ಕಣ್ಣಿಗೆ ಬೀಳದಿರಲಿ ಎಂದು ತಾವೇ ಬಳಿದರಂತೆ. ಅದನ್ನು ಕೇಳಿ ನನ್ನ ಲೆಕ್ಕಾಚಾರವೇ ಬದಲಾಯಿತು. ನೀಲಿಯೂ ಆ ಸೈಕಲ್ಲಿನ ಬಾಳಿನ ಭಾಗವೇ. ಎಡಗಡೆ ಹಿಂದಿನ ಪೈಪಿನ ಮೇಲೆ ಒಂದು ಗೇಣು ನೀಲಿಯನ್ನು ಹಾಗೆಯೇ ಉಳಿಸಿದ್ದೇನೆ, ಬ್ರಷ್ಷಿನ ಗೆರೆ ಸಮೇತ. ಸೈಕಲ್ಲು ಸಿದ್ಧವಾದ ದಿನ ಅಜ್ಜಿ ಕೆಂಪು ಹಳದಿಯನ್ನು ಹೊಗಳಿದರು. ಕೈಯಿಟ್ಟದ್ದು ಮಾತ್ರ ಆ ನೀಲಿಯ ಮೇಲೆ.

ಅಳಿಯನಿಗೆ ಬೇಡವೆಂದ ಕಾರಣ ಇದು. ಅಪ್ಪನ ಹರ್ಕ್ಯುಲಿಸ್ಸನ್ನು ಆಮೇಲೆ ನನ್ನ ಅಣ್ಣ ಹಿಡಿದ. ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು ಕಿತ್ತು, ಹ್ಯಾಂಡಲ್ಲು ತಿರುಗುಮುರುಗು ಹಾಕಿ ಸುತ್ತಲ ಊರುಗಳ ಜಾತ್ರೆಯ ಸೈಕಲ್ ಪಂದ್ಯಕ್ಕೆ ಹೋಗುತ್ತಿದ್ದ. ತನ್ನ ನಂಬರು 17 ಎಂದು ನಡುವಿನ ಪೈಪಿನ ಮೇಲೆ ತಾನೇ ಬಿಳಿ ಬಣ್ಣದಲ್ಲಿ ಬರೆದುಕೊಂಡಿದ್ದ. 1991ರಲ್ಲಿ ಅವನು ಹೋದ. ಅವನ ನೆನಪಿಗೆ ಸೈಕಲ್ಲು ಚೆಂದವಾಗಿರಲಿ ಎಂದು ನಾನೇ ನಿಂತು ಕೆಂಪು ಬಣ್ಣ ಹೊಡೆಸಿದೆ. ಮನೆಗೆ ತಂದಾಗ ಅವ್ವ ನೋಡಿ, ‘ಅವನ ಅಕ್ಷರ ಎಲ್ಲೋ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ನಾವು ಹುಬ್ಬಳ್ಳಿಯಲ್ಲಿದ್ದಾಗ, ಜಮಖಂಡಿಯ ಮನೆ ರಿಪೇರಿಯ ಗದ್ದಲದಲ್ಲಿ ಆ ಸೈಕಲ್ಲು ತೂಕಕ್ಕೆ ಗುಜರಿಗೆ ಹೋಯಿತು.

ಆದ್ದರಿಂದ ಸಂಪಾದಕರೇ, ನಿಮ್ಮ ಓದುಗರಲ್ಲಿ ನನ್ನ ವಿನಂತಿ. ಸೈಕಲ್ಲು ಇಂಗ್ಲೆಂಡಿನದಾಗಲಿ ಅಂಬತ್ತೂರಿನದಾಗಲಿ, ಕೆರೆಯುವ ಮೊದಲು ತಲೆಕೆಳಗೆ ಮಾಡಿ ನಂಬರು ಬರೆದುಕೊಳ್ಳಿ, ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ, ಓಡಿಸಿದವರು ಬದುಕಿದ್ದರೆ ಹತ್ತಿರ ಕೂತು ಕೇಳಿ. ತುಕ್ಕನ್ನು ನಿಲ್ಲಿಸಿದರೆ ಸಾಕು, ಹೊಳಪಿಗೆ ಅವಸರವಿಲ್ಲ. ಇನ್ನೊಂದು ಮಾತು: ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸೈಕಲ್ ಪಟುಗಳು ರಾಜ್ಯಕ್ಕೆ ಎಷ್ಟೊಂದು ಪದಕ ತಂದಿದ್ದಾರೆ, ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿ ನಿಲಯಗಳೂ ಅಲ್ಲಿವೆ. ಅವುಗಳಲ್ಲಿ ಒಂದರಲ್ಲಾದರೂ ಒಂದು ಕೋಣೆ ತೆರವು ಮಾಡಿ ಹಳೆಯ ಪಂದ್ಯದ ಸೈಕಲ್ಲು, ಫೋಟೊ, ಪ್ರಮಾಣಪತ್ರಗಳನ್ನು ಕೂಡಿಡಬೇಕು. ಬೀಗ, ಕಪಾಟು, ಒಂದು ರಿಜಿಸ್ಟರ್ ಪುಸ್ತಕ ಇದ್ದರೆ ಆರಂಭಕ್ಕೆ ಸಾಕು. ಊರಿಗೆ ಬಂದಾಗಲೆಲ್ಲ ಕೈಕೆಲಸಕ್ಕೆ ನಾನು ಬರುತ್ತೇನೆ, ಸಂಬಳ ಬೇಡ.

ಗುಜರಿಯವರು ಓಡುವ ಸೈಕಲ್ಲನ್ನು ಒಡೆಯುವುದಿಲ್ಲ, ಹಾಗೆಯೇ ಮಾರುತ್ತಾರೆ ಎಂದು ಕೇಳಿದ್ದೇನೆ. ಜಮಖಂಡಿ, ಮುಧೋಳ, ಬನಹಟ್ಟಿ ಕಡೆ ಯಾರ ಮನೆಯಲ್ಲಾದರೂ ಕೆಂಪು ಬಣ್ಣದ ಹಳೆಯ ಹರ್ಕ್ಯುಲಿಸ್ ಇದ್ದರೆ, ದಯವಿಟ್ಟು ನಡುವಿನ ಪೈಪನ್ನು ಸೀಟಿನ ಹತ್ತಿರ ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಕೆಂಪಿನ ಕೆಳಗೆ ಹಸಿರು ಇರಬೇಕು. ಹಸಿರಿನ ಮೇಲೆ ಬಿಳಿಯಲ್ಲಿ 17. ಏಳರ ಬಾಲ ತುಸು ಎಡಕ್ಕೆ ಬಾಗಿರುತ್ತದೆ.

ಇಂತಿ ತಮ್ಮ ಓದುಗ,
ಒಬ್ಬ ನಿವೃತ್ತ ಟರ್ನರ್
ಜಮಖಂಡಿ (ಸದ್ಯ ಡರ್ಬಿ, ಇಂಗ್ಲೆಂಡ್)