ಬ ಅಕ್ಷರದ ಹೊಟ್ಟೆ ಸೀಳಿದವಳಿಗೆ

ಉಡುಪಿ,
ಆಟಿ ತಿಂಗಳು

ಪ್ರೀತಿಯ ಮಗಳೇ,

ನಿನ್ನ ಕತೆಯ ಕಟ್ಟು ಮೊನ್ನೆ ಬಂತು. ಈ ಮಳೆಯಲ್ಲೂ ಒದ್ದೆಯಾದದ್ದು ಎರಡೇ ಹಾಳೆ. ಜೊತೆಗಿದ್ದ ಕಾಗದವನ್ನು ಮೊದಲು ಓದಿದೆ. ಕಮ್ಮಟದಲ್ಲಿ ನೀನು ಕತೆ ಓದುವಾಗ ಯಾರೋ ದೊಡ್ಡವರು "ಮೊದಲು ಮಹಾಪ್ರಾಣ ಕಲಿತು ಬಾ, ಆಮೇಲೆ ಕತೆ" ಅಂದರಂತೆ, ಎಲ್ಲರೂ ನಕ್ಕರಂತೆ, ಇನ್ನು ನೀನು ಬರೆಯುವುದೇ ಇಲ್ಲವಂತೆ. ಸರಿ, ಬರೆಯಬೇಡ. ಆದರೆ ಬರೆಯದವಳು ನನಗೆ ನಲವತ್ತು ಹಾಳೆ ಕಳಿಸಿದ್ದು ಎಂತಕ್ಕೆ ಮಾರಾಯ್ತಿ?

ಯಾವ ಪತ್ರಿಕೆಗೆ ಕಳಿಸುವುದು, ಕತೆ ಎಷ್ಟು ಉದ್ದ ಇರಬೇಕು ಎಂದೆಲ್ಲ ಕೇಳಿದ್ದೀ. ಅದನ್ನು ಯಾರು ಬೇಕಾದರೂ ಹೇಳಿಯಾರು. ನನ್ನ ಕಣ್ಣು ನೆಟ್ಟದ್ದು ಬೇರೆ ಕಡೆ. ನೀಲಿ ಶಾಯಿಯಲ್ಲಿ ಬರೆದವಳು ಆಮೇಲೆ ಕಪ್ಪು ಪೆನ್ನು ಹಿಡಿದು ಕೂತು ಬ, ದ, ಡಗಳ ಹೊಟ್ಟೆ ಸೀಳುತ್ತ ಹೋಗಿದ್ದೀ. ಕತೆಯಲ್ಲಿ ನಿನ್ನ ಅಜ್ಜಿ ಹೇಳುವ 'ಬೂತ' ಭೂತವಾಯಿತು, 'ದರ್ಮ' ಧರ್ಮವಾಯಿತು. ಕ, ಗ ಮಾತ್ರ ಬದುಕಿಕೊಂಡವು, ಸೀಳಿದರೂ ಅವು ಖ, ಘ ಆಗುವುದಿಲ್ಲವಲ್ಲ! ಹೆದರಿಕೆ ಎಷ್ಟೆಂದರೆ ಸೀಳಬಾರದ್ದನ್ನೂ ಸೀಳಿದ್ದೀ: 'ಹಾರ್ಧಿಕ', 'ವಿಧ್ಯಾರ್ಥಿ'. ಜಾತ್ರೆಯ ಫ್ಲೆಕ್ಸಿನಲ್ಲಿ ಕಾಣುವ ತಪ್ಪು ಇದೇ. ಹಾರ್ದಿಕ, ವಿದ್ಯಾರ್ಥಿ ಎಂದು ನಿನ್ನ ಕೈ ಮೊದಲು ಸರಿಯಾಗಿಯೇ ಬರೆದಿತ್ತು.

ತುಳುವಿನ ಸ್ವಂತ ಮಾತುಗಳಲ್ಲಿ ಮಹಾಪ್ರಾಣ ಇಲ್ಲ. ಅಚ್ಚಗನ್ನಡದ ಮಾತುಗಳಲ್ಲೂ ಇಲ್ಲ. ಅದು ಸಂಸ್ಕೃತದ ಸಂಗಡ ಬಂದದ್ದು. ಕತೆ ಹೇಳುವವಳು ನೀನಾದಲ್ಲಿ ಧ ಇರಬೇಕಾದ ಕಡೆ ಧ ಬರಿ, ನಿಘಂಟು ಇರುವುದು ಅದಕ್ಕೆ. ಅಜ್ಜಿ ಬಾಯಿ ತೆರೆದಾಗ ನಿಘಂಟು ಮುಚ್ಚಿಡು.

ಇಂಗ್ಲಿಷಿನವರೂ ಈ ಸೀಳುವ ಕೆಲಸ ಮಾಡಿದವರೇ. ಸಾಲಕ್ಕೆ ಅವರು ಹೇಳುವ 'ಡೆಟ್' ಫ್ರೆಂಚಿನಿಂದ ಬಂದಾಗ ಅದರಲ್ಲಿ 'ಬಿ' ಇರಲಿಲ್ಲ. ಲ್ಯಾಟಿನ್ ಓದಿದವರಿಗೆ ಮೂಲದ 'ಡೆಬಿಟುಂ' ನೆನಪಾಯಿತು, ನಡುವೆ ಒಂದು 'ಬಿ' ತುರುಕಿದರು. ಬಾಯಿ ಒಪ್ಪಲಿಲ್ಲ. ಶತಮಾನಗಳಿಂದ ಅದು ಕಾಗದದ ಮೇಲೆ ಸುಮ್ಮನೆ ಕೂತಿದೆ, ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಉಣ್ಣದೆ ಕೂತವನ ಹಾಗೆ. 'ಫಾಲ್ಟ್' ಎಂಬ ಶಬ್ದಕ್ಕೂ ಹೀಗೆಯೇ 'ಎಲ್' ಸೇರಿಸಿದರು. ಅಲ್ಲಿ ಬಾಯಿಯೇ ಸೋತಿತು, ಈಗ ಎಲ್ಲರೂ ಆ 'ಲ್' ಹೇಳುತ್ತಾರೆ. ನಿನ್ನ ಕಪ್ಪು ಪೆನ್ನಿನ ಬಗ್ಗೆ ನನಗಿರುವ ಹೆದರಿಕೆ ಈ ಎರಡನೆಯದು. ಇನ್ನು ನಾಲ್ಕು ವರ್ಷಕ್ಕೆ ಅಜ್ಜಿ ಹೇಳಿದ್ದೇ ಹಾಗೆ ಎಂದು ನೀನೇ ನಂಬಿಬಿಡುತ್ತೀ.

ನನ್ನನ್ನು ನೋಡಿ ನಕ್ಕವರೂ ಇದ್ದರು. ಕಾಲೇಜಿನಲ್ಲಿ ನಾನು ನಕಾರಕ್ಕೆ ಒತ್ತು ಕೊಟ್ಟು 'ಡಿನ್ನರ್' ಅಂದದ್ದಕ್ಕೆ ಇಂಗ್ಲಿಷ್ ಮೇಷ್ಟ್ರು ನನ್ನನ್ನು ನಿಲ್ಲಿಸಿ ಮೂರು ಸಲ ಹೇಳಿಸಿದರು. ತಪ್ಪೇನೆಂದು ಹೇಳಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಕ್ಕಿಲ್ಲ (ಈ ಸಿಟ್ಟು ಇನ್ನೂ ಇಳಿದಿಲ್ಲ, ನೋಡು). ನಮ್ಮಲ್ಲಿ ಒತ್ತು ಅಂದರೆ ಒತ್ತು. ಬಳಿ ಬೇರೆ, ಬಳ್ಳಿ ಬೇರೆ. ಕತೆಗೆ ಒಂದು ಒತ್ತು ಬಿದ್ದರೆ ಕತ್ತೆ. ಇಟಾಲಿಯನ್ನರಿಗೂ ಹಾಗೆಯೇ, 'ನೋನೊ' ಅಂದರೆ ಒಂಬತ್ತನೆಯದು, 'ನೊನ್ನೊ' ಅಂದರೆ ಅಜ್ಜ. ಇಂಗ್ಲಿಷಿನಲ್ಲಿ ಎರಡು 'ಎನ್' ಬರೆಯುವುದು ನಕಾರವನ್ನು ಹಿಡಿದು ನಿಲ್ಲಿಸಲಿಕ್ಕಲ್ಲ, ಹಿಂದಿನ ಸ್ವರವನ್ನು ಮೊಟಕು ಮಾಡಲಿಕ್ಕೆ. ಒಂದು 'ಎನ್' ಇದ್ದರೆ ಡೈನರ್, ಎರಡಿದ್ದರೆ ಡಿನರ್. ಜರ್ಮನಿನಲ್ಲೂ ಇದೇ ಕ್ರಮ. ಅಲ್ಲಿಂದ ಬಂದ ಪಾದ್ರಿಯನ್ನು ನಾವು ಟಕಾರ ಒತ್ತಿ ಕಿಟ್ಟೆಲ್ ಎನ್ನುತ್ತೇವೆ, ಅವರ ಊರಿನವರ ಬಾಯಲ್ಲಿ ಆ ಒತ್ತು ಇಲ್ಲ.

ಆ ಕಿಟ್ಟೆಲರ ನಿಘಂಟು ಮಂಗಳೂರಿನಿಂದ 1894ರಲ್ಲಿ ಹೊರಬಂದದ್ದು. ಕನ್ನಡ ಈಗ ಬಿಟ್ಟಿರುವ ೞ ಅಕ್ಷರದ ಹಳೆಯ ರೂಪಗಳಿಗೂ ಅದರಲ್ಲಿ ಜಾಗ ಉಂಟು. ಬಾಳೆ ಹಿಂದೆ 'ಬಾೞೆ' ಆಗಿತ್ತು. ಯಾವ ಶಬ್ದಕ್ಕೆ ೞ ಎಂದು 13ನೆಯ ಶತಮಾನದಲ್ಲೇ ವ್ಯಾಕರಣ ಬರೆದ ಕೇಶಿರಾಜ ಪಟ್ಟಿ ಕೊಡಬೇಕಾಯಿತು, ನಾಲಗೆ ಆಗಲೇ ಜಾರುತ್ತಿತ್ತು ಅಂತ ಲೆಕ್ಕ. ತಮಿಳು, ಮಲಯಾಳಂ ಅದನ್ನು ಉಳಿಸಿಕೊಂಡವು. ಕನ್ನಡ ಅದನ್ನು ಳ ಮಾಡಿಕೊಂಡಿತು, ತುಳು ರ ಮಾಡಿಕೊಂಡು 'ಬಾರೆ' ಅಂದಿತು. ನೀನು ಹೊಡೆದುಹಾಕಿ ಮೇಲೆ 'ಬಾಳೆ' ಎಂದು ಬರೆದೆಯಲ್ಲ, ಅದೇ ಬಾರೆ. ಯಾರ ರೂಪ ಶುದ್ಧ ಹೇಳು ನೋಡುವ? ಹುಲಿಯೂ ಹಳಗನ್ನಡದಲ್ಲಿ 'ಪುಲಿ'. ಕನ್ನಡ ಪಕಾರ ಬಿಟ್ಟುಕೊಟ್ಟಿತು. ಅಷ್ಟಮಿಯ ದಿನ ರಥಬೀದಿಯಲ್ಲಿ ವೇಷ ಕಟ್ಟಿ ಕುಣಿಯುವುದು ಈಗಲೂ ತುಳುವಿನ ಪಿಲಿಯೇ.

ಇಷ್ಟೆಲ್ಲ ಹೇಳುವ ನಾನು ನಿನಗಿಂತ ದೊಡ್ಡ ಪಾಪ ಮಾಡಿದವನು. ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ ಕಾಲ. ನೇಜಿ ನೆಡುವಾಗ ಹೇಳುವ ಪಾಡ್ದನಗಳನ್ನು, ಅಂದರೆ ತುಳುವಿನ ಕತೆಹಾಡುಗಳನ್ನು, ಒಬ್ಬ ಅಮ್ಮನಿಂದ ಕೇಳಿ ಬರೆದುಕೊಂಡದ್ದು ಅಚ್ಚಿಗೆ ಬಂತು. ಬರೆದುಕೊಂಡವರು ಕಿವಿಗೆ ಕೇಳಿದಂತೆ ಬರೆದಿದ್ದರು. ನಾನು, ಆಗಷ್ಟೇ ಎಂ.ಎ. ಮುಗಿಸಿದವನು, ಗ್ಯಾಲಿಯ ತುಂಬ ಕೆಂಪು ಮಾಡಿದೆ. ಅಚ್ಚಿನ ಮೊಳೆ ಜೋಡಿಸುವವರು ಮೊಳೆಯ ಕೇಸನ್ನು ತೋರಿಸಿ, "ಭ ಮುಗಿಯಿತು ಮಾರಾಯ್ರೆ, ಇನ್ನು ಎಲ್ಲಿಂದ ತರುವುದು?" ಎಂದು ಗೊಣಗಿದರು. ನಾನು ತಮಾಷೆ ಅಂದುಕೊಂಡೆ. ಪುಸ್ತಕ ಕೊಡಲು ಆ ಅಮ್ಮನ ಮನೆಗೆ ಹೋದವನು ನಾನೇ. ಅಂಗಳದಲ್ಲಿ ಕೂತು ಒಂದು ಪುಟ ಓದಿದೆ, ಒಂದೂ ಮಹಾಪ್ರಾಣ ಬಿಡದೆ. ಅಡಿಕೆ ಕತ್ತರಿಸುತ್ತಿದ್ದ ಅವರ ಕೈ ನಿಂತಿತು. "ಉಂದು ಎನ್ನ ಪಾತೆರ ಅತ್ತ್" ಅಂದರು. ಇದು ನನ್ನ ಮಾತಲ್ಲ. ಬೈಗುಳದ ಸ್ವರವಲ್ಲ, ಮನೆ ತಪ್ಪಿ ಬಂದವನಿಗೆ ದಾರಿ ತೋರಿಸುವ ಸ್ವರ. ಎರಡನೆಯ ಮುದ್ರಣದಲ್ಲಿ ಸರಿ ಮಾಡುವ ಅಂದುಕೊಂಡೆ. ಎರಡನೆಯ ಮುದ್ರಣ ಆಗಲೇ ಇಲ್ಲ, ಆ ಅಮ್ಮನೂ ಹೋದರು.

ಹಾಳೆಗಳನ್ನು ವಾಪಸು ಕಳಿಸುತ್ತಿದ್ದೇನೆ. ಹನ್ನೊಂದನೆಯದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದರ ಕೊನೆಯ ಸಾಲಿನಲ್ಲಿ ಅಜ್ಜಿ ಅಡಿಗೆಮನೆಯಿಂದ 'ಬಾರೆದ ಇರೆ', ಅಂದರೆ ಬಾಳೆಯೆಲೆ, ಕೇಳುತ್ತಾರೆ, ಅದನ್ನು ತಿದ್ದಲು ನೀನು ಮರೆತಿದ್ದೀ. ಮಳೆ ಬಿಟ್ಟ ದಿನ ಬಂದು ತೆಗೆದುಕೊಂಡು ಹೋಗು. ಅಜ್ಜಿಯೂ ಬರುವುದಾದರೆ ನಡೆಯುವುದು ಬೇಡ, ಗೇಟಿನ ತನಕ ರಿಕ್ಷಾ ಬರುತ್ತದೆ.

ಇಂತು,
ನಿನ್ನ ಮುದಿ ಪ್ರೂಫ್ ರೀಡರ್