ಮೂರನೆಯವಳ ಮಡಿಲು

ಪುಟ್ಟೀ,

ನಿನ್ನೆ ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟೆ. ತಪ್ಪು ನನ್ನದೇ. ನೀನು ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಿಂದ ಆ 'ಹಕ್ಕಲು ಆಯುವವರು' ಚಿತ್ರದ ಫೋಟೋ ಕಳಿಸಿ, "ಅಮ್ಮಾ, ಥೇಟ್ ಅಜ್ಜಿ! ಎಷ್ಟು ನೆಮ್ಮದಿ ಅಲ್ವಾ?" ಅಂದೆ. ಆ ನೆಮ್ಮದಿ ಅನ್ನೋ ಮಾತಿಗೆ ಸಿಟ್ಟು ಬಂತು.

ರಾತ್ರಿ ನಿದ್ದೆ ಬರಲಿಲ್ಲ. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಫ್ರಾನ್ಸಿನ ಚಿತ್ರಕಾರ ಮಿಲೆ ಬರೆದ ಆ ಮೂವರು ಹೆಂಗಸರು ಕೂಲಿಗೆ ಬಂದವರಲ್ಲ ಕಣೇ. ಹಕ್ಕಲು ಆಯಲು ಬಂದವರು. ಗೋಧಿ ಕೊಯ್ದ ಮೇಲೆ ಕೂಳೆಯ ನಡುವೆ ಬಿದ್ದ ತೆನೆಯಷ್ಟೇ ಅವರದು. ಹಿಂದೆ ಬಣವೆ, ತುಂಬಿದ ಗಾಡಿ. ಬಲಗಡೆ ದೂರದಲ್ಲಿ ಕುದುರೆ ಮೇಲೊಬ್ಬ ಮೇಸ್ತ್ರಿ. ಉಗುರಿನಷ್ಟೂ ಇಲ್ಲ ಅವನು. ನನಗೆ ಮೊದಲು ಕಂಡಿದ್ದು ಅವನೇ. 1857ರಲ್ಲಿ ಪ್ಯಾರಿಸ್ಸಿನ ದೊಡ್ಡವರಿಗೆ ಈ ಚಿತ್ರ ಹಿಡಿಸಲಿಲ್ಲವಂತೆ. ಜನ ಎದ್ದು ರಾಜನನ್ನೇ ಇಳಿಸಿದ 1848ರ ದಂಗೆಯ ಭಯ ಇನ್ನೂ ಹೋಗಿರಲಿಲ್ಲ.

ನಮ್ಮೂರಲ್ಲಿ ಕುದುರೆ ಇರಲಿಲ್ಲ, ಸೈಕಲ್ ಇತ್ತು. ಸಾಹುಕಾರರ ರಾಗಿ ಸಿವುಡು ಸಾಗಿಸೋ ಮೊದಲೇ ಹೊಲಕ್ಕೆ ಇಳಿದೆವು ಅಂತ ಅವರ ಆಳು ಅವ್ವನ ಮಡಿಲು ಸುರಿಸಿದ. ಮೂರು ಹಿಡಿ ತೆನೆ ಇದ್ದಿರಬೇಕು. ನನಗೆ ಎಂಟು ವರ್ಷ. ಸೈಕಲ್ ಬೆಲ್ಲು, ಅವನ ಹಸಿರು ಟವೆಲ್ಲು ಎಲ್ಲಾ ನೆನಪಿದೆ. ಅವನು ಹೋದ ಮೇಲೆ ಅವ್ವ ಬಗ್ಗಿ ಮತ್ತೆ ಆಯ್ದಳಾ, ಅಲ್ಲೇ ಬಿಟ್ಟು ಬಂದಳಾ? ಅದೇ ನೆನಪಿಲ್ಲ. ಅವತ್ತು ಮನೇಲಿ ಮುದ್ದೆ ಆಯ್ತಾ ಅಂತ ಯೋಚಿಸಿದೆ, ಅದೂ ಹೊಳೆಯಲಿಲ್ಲ. ಆಯ್ದಳು ಅಂತ ಒಂದೊಂದು ಸಲ ಅನಿಸುತ್ತೆ. ಅವ್ವ ಇದ್ದಾಗ ಕೇಳಲಿಲ್ಲ.

ಚಿತ್ರದ ಮೂರನೆಯವಳು ಪೂರ್ತಿ ಬಗ್ಗಿಲ್ಲ, ಪೂರ್ತಿ ಎದ್ದೂ ಇಲ್ಲ. ಸುಸ್ತಾಗಿದೆ ಅಂದೆ ನೀನು. ನನಗೆ ಬಗ್ಗಲೋ ಬೇಡವೋ ಅಂತ ನಿಂತ ಹಾಗೆ ಕಾಣುತ್ತೆ.

ಕ್ಲಾಸಲ್ಲಿ ಮಾತಾಡುವಾಗ ಬೆಳಕು, ಬಣ್ಣ ಹೇಳು, ಬೇಡ ಅನ್ನಲ್ಲ. ಹೊಲ ಯಾರದು ಅಂತಲೂ ಹೇಳು. ದುಡಿಯೋರನ್ನ ನೋಡಿದ ಕೂಡಲೇ ಚೆಂದ ಅನ್ನಬಾರದು, ಅವರ ಮಡಿಲಲ್ಲಿ ಏನಿದೆ ಅಂತ ಮೊದಲು... ನೋಡು, ಶುರು ಮಾಡಿಬಿಟ್ಟೆ. ಪೆನ್ನು ಹಿಡಿದರೆ ಸಾಕು, ಮೇಷ್ಟ್ರಾಗ್ತೀನಿ.

ಅವ್ವನ ಮೊಮ್ಮಗಳು ಪ್ಯಾರಿಸ್ಸಲ್ಲಿ ಟಿಕೆಟ್ ತಗೊಂಡು ಆ ಚಿತ್ರದ ಮುಂದೆ ನಿಂತಿದ್ದಳು ಅಂತ ಬೆಳಗ್ಗೆ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದೆ. ನಿನಗೆ ಮಾತ್ರ ಒಂದು ಒಳ್ಳೇ ಮಾತು ಆಡಲಿಲ್ಲ.

ಚಳಿ ಜಾಸ್ತಿ ಅಂತೆ. ಬರೀ ಬ್ರೆಡ್ ತಿಂದು ಮಲಗಬೇಡ.

ಇನ್ನೊಂದು ಸಲ ಹೋದರೆ ಆ ಮೂರನೆಯವಳ ಮಡಿಲಿನ ಫೋಟೋ ಹತ್ತಿರದಿಂದ ತೆಗೆದು ಕಳಿಸು. ಎಷ್ಟು ಆಯ್ದಿದ್ದಾಳೆ ನೋಡಬೇಕು.

ಅಮ್ಮ