ಫಾರ್ಮ್ ಮೊದಲು, ದುಡ್ಡು ಆಮೇಲೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪ್ರವಾಸ ಪುಟದಲ್ಲಿ ಬಂದ ಸ್ಕೂಬಾ ಡೈವಿಂಗ್ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ‘ಈಜು ಬರದಿದ್ದರೂ ಪರವಾಗಿಲ್ಲ, ಯಾರು ಬೇಕಾದರೂ ಇಳಿಯಬಹುದು’ ಎಂಬ ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಈಜಿನ ಮಾತು ಬಿಡಿ. ತರಬೇತುದಾರರು ಪಕ್ಕದಲ್ಲೇ ಹಿಡಿದುಕೊಂಡಿರುವ ಮೊದಲ ಡೈವ್‌ಗೆ ಅದು ಹೇಗೋ ನಡೆಯುತ್ತೆ. ಆದರೆ ‘ಯಾರು ಬೇಕಾದರೂ’ ಅನ್ನುವುದು ಸರಿಯಲ್ಲ. ಅದನ್ನು ಕಿವಿ ನೋಯಿಸಿಕೊಂಡು ಕಲಿತವಳು ನಾನು.

ನಾವು ಹೋಗಿದ್ದು ಹನ್ನೆರಡು ಜನರ ಗುಂಪಿನಲ್ಲಿ. ಜೊತೆಗೆ ಅಕ್ಕ, ಭಾವ. ದುಡ್ಡು ಕಟ್ಟಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ದೋಣಿ ಹತ್ತಿ, ವೆಟ್‌ಸೂಟನ್ನು ಸೊಂಟದವರೆಗೆ ಏರಿಸಿಕೊಂಡು ಕೂತಿದ್ದಾಗ ಒಬ್ಬ ಹುಡುಗ ರಟ್ಟಿಗೆ ಸಿಕ್ಕಿಸಿದ ಆರೋಗ್ಯದ ಫಾರ್ಮುಗಳನ್ನು ತಂದ. ಹನ್ನೆರಡು ಜನಕ್ಕೂ ಒಂದೇ ಪೆನ್ನು. ಕಾಗದದ ಮೂಲೆಗಳು ಆಗಲೇ ಒದ್ದೆ. ‘ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿ ಮೇಡಂ, ಒಂದು ಹೌದು ಇದ್ರೂ ಡಾಕ್ಟರ್ ಲೆಟರ್ ಕೇಳ್ಬೇಕಾಗುತ್ತೆ’ ಅಂದ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ನಡುನೀರಿನಲ್ಲಿ ಡಾಕ್ಟರನ್ನು ಎಲ್ಲಿಂದ ತರುವುದು?

ಭಾವನಿಗೆ 53 ವರ್ಷ, ದಿನಾ ಬಿಪಿ ಮಾತ್ರೆ. ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿ ಪೆನ್ನನ್ನು ನನಗೆ ದಾಟಿಸಿದರು. ‘ಭಾವ, ಮಾತ್ರೆ?’ ಅಂದೆ. ‘ಸುಮ್ನಿರು, ದುಡ್ಡು ವಾಪಸ್ ಕೊಡಲ್ಲ’ ಅಂದರು. ನಾನೂ ಸುಮ್ಮನಾದೆ.

ಮನೆಗೆ ಬಂದ ಮೇಲೆ ಆ ಫಾರ್ಮನ್ನು ನಿಧಾನವಾಗಿ ಓದಿದೆ. ಡೈವಿಂಗ್ ಬಲ್ಲ ವೈದ್ಯರು ಸೇರಿ 2020ರಲ್ಲಿ ಹೊಸದಾಗಿ ರೂಪಿಸಿದ್ದು ಅದು. ಹತ್ತೇ ಪ್ರಶ್ನೆ. ಶ್ವಾಸಕೋಶ, ಹೃದಯದ ತೊಂದರೆ ಇತ್ತೇ? ಯಾವಾಗಲಾದರೂ ಪ್ರಜ್ಞೆ ತಪ್ಪಿದ್ದು, ಫಿಟ್ಸ್ ಬಂದಿದ್ದು ಇದೆಯೇ? ವರ್ಷದೊಳಗೆ ಆಪರೇಷನ್ ಆಗಿದೆಯೇ? ಹೀಗೆ ಹೋಗುತ್ತದೆ. 45 ದಾಟಿದವರಿಗೆ ಬೀಡಿ ಸಿಗರೇಟು, ಕೊಲೆಸ್ಟ್ರಾಲ್, ಬಿಪಿ, ಮನೆತನದಲ್ಲಿ ಹೃದಯದ ಕಾಯಿಲೆ ಬಗ್ಗೆ ಬೇರೆಯೇ ಪ್ರಶ್ನೆಗಳಿವೆ. ನನಗೆ ಜಾಸ್ತಿ ಹಿಡಿಸಿದ್ದು ಮೂರನೆಯದು. 1.6 ಕಿ.ಮೀ. ದೂರವನ್ನು 14 ನಿಮಿಷದಲ್ಲಿ ನಡೆಯಲು, ಇಲ್ಲವೇ 200 ಮೀಟರ್ ನಿಲ್ಲದೆ ಈಜಲು ಕಷ್ಟವಾಗುತ್ತದೆಯೇ ಅಂತ ಅದು ಕೇಳುತ್ತದೆ. ಇದಕ್ಕೆ ದೋಣಿಯಲ್ಲಿ ಕೂತು ಉತ್ತರ ಕೊಡಲು ಆಗುತ್ತಾ? ಮನೆಯಲ್ಲಿದ್ದಾಗ ವಾಚ್ ನೋಡಿಕೊಂಡು ನಡೆದರೆ ತಾನೇ ಗೊತ್ತಾಗುವುದು?

ಒಂದು ಹೌದು ಇದ್ದ ಮಾತ್ರಕ್ಕೆ ನೀರಿಗಿಳಿಯುವ ಹಾಗಿಲ್ಲ ಅಂತಲ್ಲ. ಕೆಲವು ಉತ್ತರಗಳಿಗೆ ಇನ್ನೊಂದಿಷ್ಟು ಉಪಪ್ರಶ್ನೆಗಳಿವೆ, ಕೆಲವು ನೇರ ಡಾಕ್ಟರ ಹತ್ತಿರ ಕಳಿಸುತ್ತವೆ. ಹಿಡಿತದಲ್ಲಿರುವ ಬಿಪಿ, ಸಕ್ಕರೆ ಕಾಯಿಲೆ ಇಟ್ಟುಕೊಂಡೇ ಡೈವ್ ಮಾಡುವವರು ಬೇಕಾದಷ್ಟಿದ್ದಾರೆ. ತಾನಾಗಿಯೇ ಶ್ವಾಸಕೋಶ ಒಡೆದು ಗಾಳಿ ಸೋರಿದ ಇತಿಹಾಸ ಇದ್ದರೆ, ಫಿಟ್ಸ್ ಇದ್ದರೆ, ಗರ್ಭಿಣಿಯಾಗಿದ್ದರೆ ಬೇಡ ಅನ್ನುತ್ತಾರೆ. ಆಸ್ತಮಾದವರ ವಿಷಯ ಡಾಕ್ಟರ್ ನೋಡಿ ಹೇಳಬೇಕು.

‘ಜಾಸ್ತಿ ಆಳ ಹೋಗಲ್ಲ ಬಿಡಿ’ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಲೆಕ್ಕ ಹಾಗಿಲ್ಲ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು (ದಡದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು) ಒತ್ತಡ ಏರುತ್ತದೆ. ಅಂದರೆ ಮೊದಲ 10 ಮೀಟರಿನಲ್ಲೇ ಒತ್ತಡ ಇಮ್ಮಡಿ, ಗಾಳಿಯ ಗಾತ್ರ ಅರ್ಧ. ಮುಂದಿನ ಯಾವ 10 ಮೀಟರಿನಲ್ಲೂ ಅಷ್ಟು ದೊಡ್ಡ ಏರುಪೇರು ಇಲ್ಲ. ಮೇಲೆ ಬರುವಾಗ ಇದೇ ತಿರುಗುಮುರುಗು. ಎದೆ ತುಂಬ ಉಸಿರು ಬಿಗಿಹಿಡಿದು ಒಂದೂವರೆ ಮೀಟರ್ ಮೇಲೆ ಬಂದರೂ ಶ್ವಾಸಕೋಶ ಹರಿಯಬಹುದು. ಉಸಿರು ಹಿಡಿಯಲೇಬೇಡಿ ಅಂತ ಹೊಡೆದುಕೊಳ್ಳುವುದು ಅದಕ್ಕೇ. ಆಸ್ತಮಾದವರ ಎದೆಯಲ್ಲಿ ಗಾಳಿ ತಾನಾಗಿಯೇ ಸಿಕ್ಕಿಹಾಕಿಕೊಳ್ಳಬಹುದು ಅನ್ನುವುದೇ ಅಲ್ಲಿನ ಭಯ.

ನನ್ನ ಕಥೆಗೆ ಬರುತ್ತೇನೆ. ನನಗಿದ್ದದ್ದು ಬರೀ ನೆಗಡಿ. ಅದು ಆ ಹತ್ತು ಪ್ರಶ್ನೆಗಳಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಅದು ಅವತ್ತವತ್ತಿನ ಮಾತು. ಅವತ್ತು ಬೆಳಿಗ್ಗೆ ದೋಣಿಯಲ್ಲಿ ಕೇಳಬೇಕಾಗಿದ್ದು ಇಷ್ಟೇ: ಮೂಗು ಕಟ್ಟಿದೆಯಾ, ನಿದ್ದೆ ಬಂತಾ, ರಾತ್ರಿ ಕುಡಿದಿದ್ದೀರಾ. ಅದನ್ನು ಯಾರೂ ಕೇಳಲಿಲ್ಲ. ತಿಂಗಳ ಮುಂಚೆ ಕೇಳಬೇಕಾದದ್ದನ್ನು ದೋಣಿಯಲ್ಲಿ ಕೇಳಿದರು. ಪಕ್ಕದವರೊಬ್ಬರು ಮೂಗು ಬಿಡಿಸುವ ಮಾತ್ರೆ ಕೊಟ್ಟರು, ನುಂಗಿದೆ. ಅದೂ ತಪ್ಪೇ. ನೀರಿನಡಿಯಲ್ಲಿ ಮಾತ್ರೆಯ ಬಲ ಇಳಿದರೆ, ಒಳಗೆ ಸೇರಿದ ಗಾಳಿ ಮೇಲೆ ಬರುವಾಗ ಹೊರಬರಲು ದಾರಿ ಇರುವುದಿಲ್ಲ.

ಮೂರು ಮೀಟರಿಗೆ ಎಡಗಿವಿಯೊಳಗೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಮೂಗು ಹಿಡಿದು ಊದಿದೆ. ಬಲಗಿವಿ ಟಪ್ ಅಂತ ಬಿಟ್ಟಿತು. ಎಡಗಡೆ ಅಲುಗಲಿಲ್ಲ. ಇನ್ನೂ ಜೋರಾಗಿ ಊದಿದೆ. ಹಾಗೆ ಊದಬಾರದು, ಸ್ವಲ್ಪ ಮೇಲೆ ಬಂದು ಮೆಲ್ಲಗೆ ಪ್ರಯತ್ನಿಸಬೇಕು ಅನ್ನುವುದು ಆಮೇಲೆ ತಿಳಿದದ್ದು. ತರಬೇತುದಾರ ನನ್ನ ಮುಖ ನೋಡಿ ‘ಸರಿ ಇದ್ದೀರಾ?’ ಅಂತ ಸನ್ನೆ ಮಾಡಿದ. ಮರ್ಯಾದೆ ಹೋಗುತ್ತಲ್ಲ ಅಂತ ‘ಸೂಪರ್’ ಅನ್ನುವ ಹಾಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಡೈವಿಂಗ್ ಭಾಷೆಯಲ್ಲಿ ಅದಕ್ಕೆ ‘ಮೇಲೆ ಹೋಗೋಣ’ ಅಂತ ಅರ್ಥ! ಸರಿ ಇದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕಂತೆ. ಹೇಳಿಕೊಟ್ಟಿದ್ದರು, ನೋವಿನಲ್ಲಿ ಮರೆತಿದ್ದೆ. ಅವನು ಮರುಮಾತಿಲ್ಲದೆ ನನ್ನನ್ನು ಮೇಲಕ್ಕೆ ಕರೆತಂದ. ಮಾಸ್ಕ್ ತೆಗೆದರೆ ಒಳಗೆ ತೆಳುವಾಗಿ ರಕ್ತ. ಕಿವಿ ಸರಿಹೋಗಲು ಮೂರು ವಾರ ಹಿಡಿಯಿತು. ಆ ಸುಳ್ಳು ಸನ್ನೆ ಮಾಡದೇ ಇದ್ದಿದ್ದರೆ ಇನ್ನೂ ಇಳಿಯುತ್ತಿದ್ದೆ.

ಭಾವನಿಗೆ ಏನೂ ಆಗಲಿಲ್ಲ, ಖುಷಿಯಾಗಿ ಬಂದರು. ಆದರೂ ಅವರ ಸುಳ್ಳು ನನ್ನದಕ್ಕಿಂತ ದೊಡ್ಡದು. ನೀರಿಗೆ ಇಳಿದ ಕೂಡಲೇ ಕಾಲುಗಳ ರಕ್ತ ಎದೆಯ ಕಡೆ ಸರಿಯುತ್ತದೆ. ಹೃದಯಕ್ಕೆ ಕೆಲಸ ಜಾಸ್ತಿ. (ನೀರಿಗಿಳಿದ ತಕ್ಷಣ ಮೂತ್ರಕ್ಕೆ ಅವಸರವಾಗುವುದಕ್ಕೂ ಇದೇ ಮುಖ್ಯ ಕಾರಣ.) ಮೇಲೆ ಚಳಿ, ಗಾಬರಿ, ಬೆನ್ನಿಗೆ ಸಿಲಿಂಡರಿನ ಭಾರ, ಎದುರಿಗೆ ಸೆಳೆತ. ಡೈವಿಂಗ್ ಸಾವುಗಳಲ್ಲಿ ಹೃದಯದ ತೊಂದರೆಯದು ದೊಡ್ಡ ಪಾಲು. ಶಾರ್ಕ್ ಬಗ್ಗೆ ಹತ್ತು ಸಲ ಕೇಳಿದ ಭಾವ ಬಿಪಿ ಬಗ್ಗೆ ಒಂದು ಸಲವೂ ಕೇಳಲಿಲ್ಲ.

ಇನ್ನೊಂದು ವಿಷಯಕ್ಕಂತೂ ನನಗೆ ನಿಜವಾಗಿ ಸಿಟ್ಟಿದೆ. ನಮ್ಮ ಪ್ರವಾಸದ ವೇಳಾಪಟ್ಟಿಯಲ್ಲಿ ಕೊನೆಯ ದಿನ ಬೆಳಿಗ್ಗೆ ಎರಡು ಡೈವ್, ಸಂಜೆ ವಿಮಾನ ಅಂತ ಅಚ್ಚಾಗಿತ್ತು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗಿ ಉಳಿಯುತ್ತದೆ. ನಿಧಾನವಾಗಿಯೇ ಹೊರಗೆ ಹೋಗಬೇಕು. ಅಷ್ಟರಲ್ಲಿ ಸುತ್ತಲಿನ ಒತ್ತಡ ಇಳಿದರೆ ಅದು ಗುಳ್ಳೆಯಾಗಿ ಕೀಲು, ನರಗಳಲ್ಲಿ ಕೂರಬಹುದು. ವಿಮಾನದೊಳಗೆ ಕೂತರೆ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಕೂತಷ್ಟು ಒತ್ತಡ ಕಡಿಮೆಯಾಗಬಹುದು. ಡೈವ್ ಮಾಡುವವರ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ 2002ರಲ್ಲಿ ತಜ್ಞರನ್ನು ಕೂರಿಸಿ ಇದಕ್ಕೆ ಲೆಕ್ಕ ಹಾಕಿಸಿತು: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ. ಘಾಟಿ ಹತ್ತುವವರಿಗೂ ಇದೇ ಯೋಚನೆ ಬೇಕು. ಆಯೋಜಕರನ್ನು ಕೇಳಿದರೆ ‘ಎರಡೇ ಡೈವ್ ತಾನೆ, ಏನಾಗಲ್ಲ’ ಅಂದರು. ಏನಾಗದೆಯೂ ಇರಬಹುದು. ಆದರೆ ಡೈವ್ ಮೊದಲ ದಿನ, ಊರು ಸುತ್ತುವುದು ಕೊನೆಯ ದಿನ ಇಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೊಸ ಕಾನೂನು ತನ್ನಿ ಅಂತ ನಾನು ಕೇಳುತ್ತಿಲ್ಲ. ಬುಕಿಂಗ್ ಜೊತೆಗೇ ಆ ಫಾರ್ಮ್ ಕಳಿಸಲಿ, ಮುಂಗಡ ಕಟ್ಟುವ ಮೊದಲೇ. ಡಾಕ್ಟರ್ ಬೇಡ ಅಂದರೆ ದುಡ್ಡು ವಾಪಸ್ ಅಂತ ಅದರ ಕೆಳಗೇ ಬರೆಯಲಿ. ಬೆಳಿಗ್ಗೆ ನೆಗಡಿ ಬಂದವರಿಗೆ ಇನ್ನೊಂದು ದಿನ ಕೊಡಲಿ. ನಿಜ ಹೇಳಿದವರ ಜೇಬಿಗೇ ಕತ್ತರಿ ಬೀಳುವುದಾದರೆ ನಿಜ ಯಾರು ಹೇಳುತ್ತಾರೆ? ಹೋಗುವವರೂ ದೋಣಿಯಲ್ಲಿ ಆಕ್ಸಿಜನ್ ಕಿಟ್ ಎಲ್ಲಿದೆ ತೋರಿಸಿ ಅಂತ ಕೇಳಬೇಕು. ಬೆನ್ನಿಗೆ ಕಟ್ಟುವ ಸಿಲಿಂಡರ್ ಅಲ್ಲ, ಅದರಲ್ಲಿರುವುದು ಸಾಮಾನ್ಯವಾಗಿ ಮಾಮೂಲಿ ಗಾಳಿ. ನೈಟ್ರೋಜನ್ ಗುಳ್ಳೆಯ ತೊಂದರೆಯಾದರೆ ಮೊದಲು ಕೊಡಬೇಕಾದದ್ದು ಶುದ್ಧ ಆಕ್ಸಿಜನ್. ಆಮೇಲೆ ರೋಗಿಯನ್ನು ಗಾಳಿಯ ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಚೇಂಬರ್ ಇರುವ ಆಸ್ಪತ್ರೆಗೆ ಸಾಗಿಸಬೇಕು. ಅದು ಎಷ್ಟು ದೂರ ಅಂತಲೂ ಕೇಳಿ. ಉತ್ತರಕ್ಕೆ ತಡವರಿಸಿದರೆ ದಡದಲ್ಲೇ ಇರಿ.

ನೀವೂ ಮುಂದಿನ ಸಲ ಅಂಥ ಚಿತ್ರ ಹಾಕುವಾಗ ಪಕ್ಕದಲ್ಲಿ ಆ ಹತ್ತು ಪ್ರಶ್ನೆ ಹಾಕಿ, ಜಾಗ ಸಾಲದಿದ್ದರೆ ಒಂದು ಮೀನು ತೆಗೆಯಿರಿ.

ಭಾವನಿಗೆ ಮತ್ತೆ ಹೋಗುವ ಆಸೆ. ಈ ಸಲ ಫಾರ್ಮನ್ನು ಮೊದಲೇ ತರಿಸಿಕೊಂಡು, ಬಿಪಿಗೂ ಮಾತ್ರೆಗೂ ಹೌದು ಅಂತ ಟಿಕ್ ಹಾಕಿದ್ದಾರೆ. ಡಾಕ್ಟರ್ ಟ್ರೆಡ್‌ಮಿಲ್ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ದಿನಾ ಸಂಜೆ ಅಕ್ಕ ಫೋನಿನಲ್ಲಿ ಸಮಯ ನೋಡುತ್ತಾಳೆ, ಇವರು 1.6 ಕಿ.ಮೀ. ನಡೆಯುತ್ತಾರೆ. ನಿನ್ನೆ 15 ನಿಮಿಷ 20 ಸೆಕೆಂಡ್ ಆಯಿತಂತೆ.

ಇತಿ,
ನಿಮ್ಮ ಓದುಗಳೊಬ್ಬಳು